ದೇವರ ಮೀನಿಗೊಂದು ತಡಿಕೆ

ಹಳ್ಳದ ನೀರು ನಂಬಿ ನಡೆಯುವ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನಿಗೆ ಇಂಥ ಸಂಗತಿಗಳು ಬೇಡವೆಂದರೂ ನಡೆಯುತ್ತಲೇ ಇರುತ್ತವೆ. ಉಳಿದ ತೋಟದ ರೈಟರುಗಳಿಗೆ ಹುಲಿ ಎದುರಾಯಿತು, ಆನೆ ಎದುರಾಯಿತು ಎಂದು ಹೇಳಿಕೊಳ್ಳಲು ಒಂದೊಂದು ಕಥೆ ಉಂಟು. ನನಗೆ ಎದುರಾದದ್ದು ಮೀನು. ನಗಬೇಡಿ. ಪುರಾಣದಲ್ಲಿ ಮೀನು ಬಂದು ಮನುವನ್ನು ಉಳಿಸಿತು ಎಂದು ಕೇಳಿದ್ದೀರಿ. ಮೀನನ್ನು ಉಳಿಸಿದ ಮನುಷ್ಯ ಯಾರು ಎಂದು ಮಾತ್ರ ಪುರಾಣದಲ್ಲಿ ಬರೆದಿಲ್ಲ. ಬರೆಯುವುದಾದರೂ ಹೇಗೆ, ನಾನಿನ್ನೂ ಹುಟ್ಟಿರಲಿಲ್ಲ.

ಇದು ಬಿಳಿ ದೊರೆಗಳ ಕಾಲದ ಮಾತು. ತೋಟ ಇದ್ದದ್ದು ಕಳಸಕ್ಕೂ ಮೂಡಿಗೆರೆಗೂ ನಡುವಿನ ಗುಡ್ಡದಲ್ಲಿ. ಹೆಸರು ಬೇಡ. ಅಲ್ಲಿಯವರು ಈಗಲೂ ನನ್ನನ್ನು ಕಂಡರೆ ನಗುತ್ತಾರೆ.

೧. ತೊಟ್ಟಿಗೆ ಬಂದ ನೆಂಟ

ಕಾಫಿ ಹಣ್ಣನ್ನು ಕೊಯ್ದ ದಿನವೇ ಪಲ್ಪರ್ ಯಂತ್ರಕ್ಕೆ ಸುರಿದು ಸಿಪ್ಪೆ ಬಿಡಿಸಬೇಕು. ತಡವಾದರೆ ರಾಶಿ ಒಳಗೊಳಗೇ ಬಿಸಿಯೇರಿ, ಹುಳಿ ವಾಸನೆ ಹಿಡಿದು, ವರ್ಷದ ಬೆಳೆ ತಿಪ್ಪೆಗೆ ಸೇರುತ್ತದೆ. ನಮ್ಮ ಪಲ್ಪರ್ ತಿರುಗುತ್ತಿದ್ದುದು ನೀರಿನ ಚಕ್ರದ ಬಲದಲ್ಲಿ. ಇಳಿಹೊತ್ತಿಗೆ ಹಳ್ಳದ ಮಡುವಿನಲ್ಲಿ ತೂಬಿನ ಹಲಗೆ ಎತ್ತಿದರೆ ನೀರು ಕಾಲುವೆಗೆ ಇಳಿದು, ಅರ್ಧ ನೀರು ಚಕ್ರ ತಿರುಗಿಸಿ, ಇನ್ನರ್ಧ ಹಣ್ಣಿನ ಜೊತೆ ಪಲ್ಪರಿನ ಬಾಯಿಗೆ ಬೀಳುತ್ತಿತ್ತು. ಆ ಮಡುವಿನ ದಡದಲ್ಲಿ ಒಂದು ಈಶ್ವರನ ಗುಡಿ. ಮಡು ದೊರೆಯದು, ಮೀನು ಈಶ್ವರನದು. ಭಟ್ಟರು ಅವಕ್ಕೆ ಅನ್ನ ಹಾಕುತ್ತಿದ್ದರು. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ತೂಬಿನ ಬಾಯಿಗೆ ಹಿಂದಿನವರು ಹಾಕಿದ್ದ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಆ ವರ್ಷದ ಮಳೆಗೆ ಕೊಚ್ಚಿಹೋದವು. ಯಾರೂ ಗಮನಿಸಲಿಲ್ಲ. ಕೊಯ್ಲು ಶುರುವಾಗಿ ನಾಲ್ಕನೇ ದಿನ, ತೊಟ್ಟಿಯಲ್ಲಿ ಬೀಜ ತೊಳೆಯುತ್ತಿದ್ದ ಹೆಂಗಸರು ಕಿರುಚಿಕೊಂಡು ಹೊರಗೆ ಹಾರಿದರು. ಹೋಗಿ ನೋಡಿದರೆ ಬೀಜದ ನಡುವೆ ಒಂದು ಮೀನು ಮಲಗಿದೆ. ಅರ್ಧ ಸಿಪ್ಪೆ ಬಿಟ್ಟಿದೆ. ಪಲ್ಪರನ್ನು ಬೈದು ಪ್ರಯೋಜನವಿಲ್ಲ, ಅದಕ್ಕೆ ಹಣ್ಣೂ ಒಂದೇ, ಮೀನೂ ಒಂದೇ.

ಆಳುಗಳನ್ನು ಘಟ್ಟದ ಕೆಳಗಿನಿಂದ ಕರೆತಂದಿದ್ದ ಮೇಸ್ತ್ರಿ ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು ದೊರೆಯ ಎದುರು ನಿಂತ.

"ದೇವರ ಮೀನು, ದೊರೆ. ಈ ಸಲಕ್ಕೆ ತಪ್ಪು ಕಾಣಿಕೆ ಇಟ್ಟು ಕೈ ಮುಗಿದು ಬಂದಿದ್ದೇವೆ. ಇನ್ನೊಂದು ಸತ್ತರೆ ನಮ್ಮ ಜನ ಒಬ್ಬರೂ ಇಲ್ಲಿ ನಿಲ್ಲುವುದಿಲ್ಲ. ಗಂಟು ಕಟ್ಟಿ ಘಟ್ಟ ಇಳಿಯುವುದೇ."

ಗಿಡದಲ್ಲಿ ಹಣ್ಣು ಕೆಂಪಗೆ ತೂಗುತ್ತಿದೆ. ಅರವತ್ತು ಜನ ಇಳಿದು ಹೋದರೆ ಕೊಯ್ಯುವವರು ಯಾರು? ದೊರೆ ಕನ್ನಡ ಕಲಿತದ್ದು ತನ್ನ ಬಟ್ಲರನಿಂದ. ಆದ್ದರಿಂದ ಎಲ್ಲರಿಗೂ, ದೇವರಿಗೂ ಸೇರಿಸಿ, ಏಕವಚನವೇ.

"ಜಾಲರಿ ಹಾಕು. ಮೀನು ಬರಬಾರದು. ನೀರು ನಿಲ್ಲಬಾರದು. ಎಲೆ ತೆಗಿಯಲು ಆಳು ಕೊಡುವುದಿಲ್ಲ, ಆಳು ಎಲ್ಲಾ ಕೊಯ್ಲಿಗೆ ಬೇಕು. ಜಾಲರಿ ತನ್ನ ಮುಖ ತಾನೇ ತೊಳಿಬೇಕು."

"ಯಾರು ಮಾಡೋದು, ದೊರೆ?" ಎಂದು ಮೇಸ್ತ್ರಿ ಕೇಳಿದ.

ದೊರೆ ಸುತ್ತ ನೋಡಿದ. ಮೇಸ್ತ್ರಿಯ ಬೆರಳು ನನ್ನ ಕಡೆ ತಿರುಗಿತು.

"ನಮ್ಮ ರೈಟ್ರು ಲಿಂಗ ಕಟ್ಟಿದವರು. ಮೀನು ತಿನ್ನುವುದಿಲ್ಲ, ಮುಟ್ಟುವುದೂ ಇಲ್ಲ. ಅವರ ಕೈಗೆ ಕೊಟ್ಟರೆ ಮೀನಿಗೆ ಏನೂ ಭಯ ಇಲ್ಲ."

"ಸರಿ. ಆಗದಿದ್ದರೆ ನಿನ್ನ ಬೆಂಚಿಗೆ ಬೇರೆ ರೈಟರ್" ಎಂದು ದೊರೆ ಕುದುರೆ ಹತ್ತಿದ.

ಹೀಗೆ, ಹುಟ್ಟಿದಾಗಿನಿಂದ ಒಂದು ಮೀನನ್ನೂ ಹತ್ತಿರದಿಂದ ನೋಡಿರದ ನಾನು, ಅದೊಂದೇ ಯೋಗ್ಯತೆಯ ಮೇಲೆ, ಆ ತೋಟದ ಸಮಸ್ತ ಮೀನುಗಳ ಯಜಮಾನನಾದೆ.

೨. ಹಳ್ಳ ಜರಡಿ ಹಿಡಿದದ್ದು

ದೊಡ್ಡ ಕೆಲಸಕ್ಕೆ ದೊಡ್ಡ ಊರಿಗೇ ಹೋಗಬೇಕು. ಮರುದಿನವೇ ಚಿಕ್ಕಮಗಳೂರಿನ ಬಸ್ಸು ಹತ್ತಿದೆ. ಅಲ್ಲಿ ಪೇಟೆಯಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದವನು ನನಗೆ ಸಂಬಂಧದಲ್ಲಿ ಭಾವನಾಗಬೇಕು.

"ತಂತಿ ಜಾಲರಿ ಬೇಕು ಭಾವ."

"ಏನು ಜರಡಿ ಹಿಡೀಬೇಕು?"

"ಹಳ್ಳ."

ಭಾವ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. "ಪೂರ್ತಿ ಹಳ್ಳವೋ, ಸ್ವಲ್ಪವೋ?"

ವಿಷಯ ವಿವರಿಸಿದೆ. ಮೀನು ಎಂದ ಕೂಡಲೇ ಅವನೂ ನನ್ನಂತೆಯೇ ಮೂಗು ಮುಚ್ಚಿಕೊಂಡ. ನಮ್ಮ ಮನೆತನದಲ್ಲಿ ಮೀನಿನ ಬಗ್ಗೆ ಇದ್ದ ಜ್ಞಾನವೆಲ್ಲ ಅಷ್ಟೇ. "ಮೀನು ಏನು ಮಾರಾಯ, ಮೀನಿನ ಮೊಟ್ಟೆಯೂ ತೂರದ ಹಾಗೆ ಕೊಡ್ತೀನಿ" ಎಂದು, ಚಿರೋಟಿ ರವೆ ಜರಡಿ ಹಿಡಿಯುವ ಹಿತ್ತಾಳೆ ತಂತಿಯ ಜಾಲರಿಯನ್ನು ಮೂರು ಗಜ ಕತ್ತರಿಸಿದ. ಅದು ಬಿಸಿಲಿಗೆ ಚಿನ್ನದ ಹಾಗೆ ಹೊಳೆಯುತ್ತಿತ್ತು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಪಕ್ಕದವನು ಯಾವ ದೇವರ ಪ್ರಭಾವಳಿ ಎಂದು ಕೇಳಿದ.

ತೂಬಿನ ಬಾಯಿಗೆ ಕಟ್ಟಿದೆವು. ಇಳಿಹೊತ್ತಿಗೆ ಹಲಗೆ ಎತ್ತಿದರು. ನಾನು ಗೆದ್ದವನ ಗತ್ತಿನಲ್ಲಿ ದಡದ ಮೇಲೆ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚಿದೆ. ಕೊಯ್ಲಿನ ಕಾಲವೇ ಹಳ್ಳದ ಮರಗಳೆಲ್ಲ ಎಲೆ ಉದುರಿಸುವ ಕಾಲ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಎಲೆ ಮಡಿಸಿ ಬಾಯಿಗಿಟ್ಟು ಮೊದಲ ಸಲ ಉಗುಳುವುದರೊಳಗೆ ಜಾಲರಿಯ ಮೇಲೆ ದಪ್ಪ ಎಲೆಗಂಬಳಿ. ಚಕ್ರ ಏಳು ಸುತ್ತು ಸುತ್ತಿ ನಿಂತಿತು. ಪಲ್ಪರ್ ಮನೆಯಿಂದ ಮೇಸ್ತ್ರಿ ಕೂಗಿದ.

"ರೈಟ್ರೇ, ನಿಮ್ಮ ಜಾಲರಿ ಬಹಳ ನಿಯತ್ತಿನದು ಮಾರಾಯ್ರೆ! ಮೀನನ್ನೂ ಬಿಡಲಿಲ್ಲ, ನೀರನ್ನೂ ಬಿಡಲಿಲ್ಲ!"

ಆಳು ಕೊಡುವುದಿಲ್ಲ ಎಂದು ದೊರೆಯ ಅಪ್ಪಣೆ. ರೈಟರ್ ಆಳಲ್ಲವಲ್ಲ. ನಾನೇ ಮಡುವಿಗೆ ಇಳಿದು, ಒಂದು ಮೂಲೆಯ ಎಲೆ ಬಾಚಿ ತೆಗೆದೆ. ಅಲ್ಲೇ ನಾನು ಕೆಟ್ಟದ್ದು. ಇಡೀ ಹಳ್ಳಕ್ಕೆ ಹೋಗಲು ಆ ಒಂದು ಮೂಲೆ ಮಾತ್ರ ಸಿಕ್ಕಿತಲ್ಲ, ಎಲ್ಲ ನೀರೂ ಅಲ್ಲಿಗೇ ನುಗ್ಗಿತು. ನುಗ್ಗುವಾಗ ನನ್ನ ಪಂಚೆಯನ್ನೂ ಕರೆದುಕೊಂಡು ಹೋಯಿತು. ಪಂಚೆ ಹೋಗಿ ಜಾಲರಿಗೆ ಅಂಟಿಕೊಂಡಿತು. ಎಳೆದೆ, ಬರಲಿಲ್ಲ. ಅದೇ ಹೊತ್ತಿಗೆ ಕೊಯ್ಲಿನ ಹೆಂಗಸರು ಹಣ್ಣಿನ ಬುಟ್ಟಿ ಹೊತ್ತು ಮಡುವಿನ ದಾರಿಯಲ್ಲಿ ಸಾಲಾಗಿ ಬಂದರು. ನಾನು ದಡ ಹತ್ತಬಹುದಿತ್ತು. ಪಂಚೆಯೂ ಜೊತೆಗೆ ಹತ್ತುವಂತಿರಲಿಲ್ಲ.

"ಏನು ರೈಟ್ರೇ, ನೀರಲ್ಲೇ ನಿಂತಿದ್ದೀರಿ?"

"ಪರೀಕ್ಷೆ ನಡೀತಾ ಇದೆ" ಎಂದೆ, ಸೊಂಟದ ಮಟ್ಟದ ನೀರಿನಲ್ಲಿ, ಸಾಧ್ಯವಾದಷ್ಟು ಗಂಭೀರವಾಗಿ.

ಅರವತ್ತು ಬುಟ್ಟಿ ದಾಟುವವರೆಗೂ ಪರೀಕ್ಷೆ ನಡೆಯಿತು. ಆಮೇಲೆ ಮೇಸ್ತ್ರಿ ತೂಬು ಮುಚ್ಚಿದ ಮೇಲೆ ಪಂಚೆ ಬಿಟ್ಟಿತು. ದಡದಲ್ಲಿ ಕೂತು ಯೋಚಿಸಿದೆ. ದಾರಿ ಕಿರಿದಾದರೆ ನೀರಿನ ಸೆಳೆತ ಹೆಚ್ಚು. ಪಂಚೆಗೆ ಆದದ್ದೇ ಮೀನಿಗೂ ಆಗುತ್ತದೆ, ಜಾಲರಿಗೆ ಅಂಟಿಕೊಂಡು ಸಾಯುತ್ತದೆ. ಜಾಲರಿ ಅಗಲವಾಗಿರಬೇಕು, ಕಿಂಡಿ ದೊಡ್ಡದಿರಬೇಕು, ನೀರು ಮೆಲ್ಲಗೆ ಹೋಗಬೇಕು. ಇದನ್ನು ಕಲಿಯಲು ಇಂಜಿನಿಯರುಗಳಿಗೆ ನಾಲ್ಕು ವರ್ಷ ಕಾಲೇಜು ಬೇಕಂತೆ. ನನಗೆ ಒಂದು ಪಂಚೆ ಸಾಕಾಯಿತು.

೩. ಬುಟ್ಟಿ ಅಜ್ಜನ ಮರ್ಯಾದೆ

ಅಗಲ ಜಾಲರಿ ಎಂದರೆ ಬಿದಿರಿನ ತಡಿಕೆಯೇ ಸರಿ. ನಮ್ಮ ತೋಟಕ್ಕೆ ಕೊಯ್ಲಿನ ಬುಟ್ಟಿಗಳನ್ನೆಲ್ಲ ಹೆಣೆದು ಕೊಡುತ್ತಿದ್ದ ಒಬ್ಬ ಮುದುಕನಿದ್ದ. ಬುಟ್ಟಿ ಅಜ್ಜ ಎಂದೇ ಕರೆಯುತ್ತಿದ್ದರು. ಅವನ ಬೆರಳಿಗೆ ಬಿದಿರು ಸಿಕ್ಕಿದರೆ ಅದು ಮಾತು ಕೇಳುತ್ತಿತ್ತು.

"ಅಜ್ಜ, ತೂಬಿನ ಬಾಯಿಗೆ ಒಂದು ತಡಿಕೆ ಬೇಕು. ನೀರು ದಾಟಬೇಕು, ಮೀನು ದಾಟಬಾರದು."

"ಅಷ್ಟೇ ತಾನೆ? ನನ್ನ ಅಪ್ಪ ಮಾಡ್ತಿದ್ದ, ಅವನ ಅಪ್ಪ ಮಾಡ್ತಿದ್ದ. ಮೂರು ದಿನ ಕೊಡಿ ಸ್ವಾಮಿ."

ಮೂರನೇ ದಿನ ಇಬ್ಬರು ಹೊತ್ತು ತಂದರು. ಒಂದು ಕೋಣೆಯಷ್ಟು ಅಗಲ. ದಬ್ಬೆಗಳನ್ನು ನಯವಾಗಿ ಹೆರೆದು, ಒಂದೊಂದಕ್ಕೂ ಒಂದೇ ಅಂತರ ಬಿಟ್ಟು ಕಟ್ಟಿದ್ದ. ಸ್ವಲ್ಪ ಹೊಟ್ಟೆ ಉಬ್ಬಿದ ಹಾಗೆ ಇತ್ತು. ಇರಲಿ, ಅಂದಕ್ಕೆ ಎಂದುಕೊಂಡೆ. ಕಟ್ಟಿದೆವು, ತೂಬು ಎತ್ತಿದೆವು. ತೊಟ್ಟಿಯಲ್ಲಿ ಒಂದೂ ಮೀನಿಲ್ಲ. ಚಕ್ರವೂ ಬಹಳ ಹೊತ್ತು ತಿರುಗಿತು. ಈ ಸಲ ನಾನು ಎರಡು ಸಲ ವೀಳ್ಯ ಹಾಕಿದೆ.

ಬೆಳಿಗ್ಗೆ ಗುಡಿಯ ಭಟ್ಟರು ಮಡುವಿನ ಬಳಿ ನಿಂತು ಕೂಗುತ್ತಿದ್ದರು. "ರೈಟರೇ, ಬನ್ನಿ ಇಲ್ಲಿ! ದೇವರನ್ನು ಜೈಲಿಗೆ ಹಾಕಿದ್ದೀರಿ!"

ಓಡಿ ಹೋಗಿ ನೋಡಿದೆ. ತಡಿಕೆಯ ಉಬ್ಬಿದ ಹೊಟ್ಟೆಯೊಳಗೆ ಏಳು ಮೀನು ಸುತ್ತು ಹಾಕುತ್ತಿವೆ. ಅಜ್ಜ ಕಟ್ಟಿದ್ದು ತಡಿಕೆಯಲ್ಲ. ಮಳೆಗಾಲದಲ್ಲಿ ಮೀನು ಹಿಡಿಯಲು ಗದ್ದೆಯ ಕೋಡಿಗೆ ಇಡುತ್ತಾರಲ್ಲ ಕೂಣಿ, ಒಳಗೆ ಹೋಗಲು ದಾರಿ ಇರುತ್ತದೆ, ಹೊರಗೆ ಬರಲು ಇರುವುದಿಲ್ಲ, ಅದು. ನಮ್ಮ ಸೀಮೆಯಲ್ಲೇ ಇಷ್ಟು ದೊಡ್ಡ ಕೂಣಿ ಹಿಂದೆ ಯಾರೂ ಹೆಣೆದಿರಲಿಲ್ಲ.

ಅಜ್ಜನನ್ನು ಕರೆಸಿದೆ. ಅವನು ಬಂದವನೇ ಬಗ್ಗಿ ಎಣಿಸಿದ. "ಏಳು! ಒಂದೇ ದಿನಕ್ಕೆ ಏಳು! ಯಾರ ಕೂಣಿಗೆ ಬಿದ್ದಿದೆ ಹೇಳಿ ನೋಡುವ!"

"ಅಜ್ಜ, ನಾನು ಹೇಳಿದ್ದು ಮೀನು ತಡೆಯಲಿಕ್ಕೆ. ಹಿಡಿಯಲಿಕ್ಕಲ್ಲ. ಇದಕ್ಕೆ ಬಾಯಿ ಯಾಕೆ ಇಟ್ಟೆ?"

ಅಜ್ಜನ ಮುಖ ಸಣ್ಣದಾಯಿತು. "ಹೆಣೀತಾ ಹೆಣೀತಾ ಕೈ ತಾನೇ ಅಲ್ಲಿಗೆ ಹೋಯ್ತು ಸ್ವಾಮಿ. ನೀರಿಗಿಡೋ ಬಿದಿರಿಗೆ ಬಾಯಿ ಇಡದೆ ಕೊಟ್ಟರೆ ನೋಡಿದವರು ಏನಂತಾರೆ? ಮುದುಕನಿಗೆ ಅರಳು ಮರಳು, ಕೆಲಸ ಅರ್ಧಕ್ಕೇ ಬಿಟ್ಟ ಅಂತಾರೆ."

ಭಟ್ಟರು ಗುಡಿಯ ತಾಮ್ರದ ಕೊಡದಲ್ಲಿ ಏಳನ್ನೂ ಒಂದೊಂದಾಗಿ ಮಡುವಿಗೆ ಬಿಟ್ಟರು. ಪ್ರತಿಯೊಂದಕ್ಕೂ ನನ್ನಿಂದ ಅಡ್ಡ ಬೀಳಿಸಿ ಕ್ಷಮೆ ಕೇಳಿಸಿದರು. ಏಳನೆಯದರ ಹೊತ್ತಿಗೆ ನನ್ನ ಸೊಂಟ ಹಿಡಿದಿತ್ತು. ಪಕ್ಕದಲ್ಲಿ ಅಜ್ಜ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಭಕ್ತಿಯೋ ಎಂದು ಕೇಳಿದೆ.

"ಅಲ್ಲ ಸ್ವಾಮಿ. ಅಷ್ಟು ದೊಡ್ಡವು. ಹಿಡಿದು ಬಿಡೋದು ಅಂದ್ರೆ!"

೪. ಗಂಟೆಗೆ ಸರಿಯಾಗಿ ಹಾಜರಿ

ಕೂಣಿಯ ಬಾಯಿ ಕಿತ್ತು, ಹೊಟ್ಟೆ ಒತ್ತಿ, ಚಪ್ಪಟೆ ತಡಿಕೆ ಮಾಡಿ ಮತ್ತೆ ಕಟ್ಟಿದೆವು. ಈಗ ಹೊಸದೊಂದು ವಿಚಿತ್ರ. ಇಡೀ ದಿನ ಮಡುವಿನ ಆ ತುದಿಯಲ್ಲಿ, ಗುಡಿಯ ಮೆಟ್ಟಿಲ ಹತ್ತಿರ ಇರುವ ಮೀನುಗಳು ಇಳಿಹೊತ್ತಿಗೆ ಸರಿಯಾಗಿ, ನಾವು ತೂಬು ಎತ್ತುವ ಹೊತ್ತಿಗೇ, ದಂಡು ಕಟ್ಟಿ ತೂಬಿನ ಬಾಯಿಗೆ ಬರುತ್ತಿದ್ದವು. ತಡಿಕೆಗೆ ಮೂತಿ ಒತ್ತಿ ನಿಲ್ಲುತ್ತಿದ್ದವು. ಸಣ್ಣವು ಸಂದಿಯಲ್ಲಿ ಸಿಕ್ಕಿಕೊಳ್ಳುವುದು, ನಾನು ಕೋಲಿನಲ್ಲಿ ಹಿಂದಕ್ಕೆ ದೂಡುವುದು.

"ಸಾಯಲಿಕ್ಕೇ ಬರ್ತವಲ್ಲ ಭಟ್ಟರೇ" ಎಂದೆ.

"ದೊರೆಯ ಪಾಪ ಎಳೀತಾ ಇದೆ" ಎಂದರು ಭಟ್ಟರು.

ಪಾಪ ಇಷ್ಟು ಗಡಿಯಾರ ನೋಡಿಕೊಂಡು ಎಳೆಯುತ್ತದೆಯೇ? ನಾನು ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಬಂಡೆಯ ಮೇಲೆ ಕೂತು ಕಾದೆ. ಮಧ್ಯಾಹ್ನ ಭಟ್ಟರು ಪೂಜೆ ಮುಗಿಸಿ, ಗುಡಿಯ ಮುಂದೆ ನೇತುಹಾಕಿದ್ದ ರೈಲು ಕಂಬಿಯ ತುಂಡನ್ನು ಠಣ್ ಠಣ್ ಎಂದು ಬಾರಿಸಿದರು. ಮೀನೆಲ್ಲ ಮೆಟ್ಟಿಲಿಗೆ ಓಡಿ ಬಂದವು. ಭಟ್ಟರು ಅನ್ನ ಚೆಲ್ಲಿದರು. ತಿಂದು ಹೋದವು. ಸಂಜೆ ಪಲ್ಪರ್ ಮನೆಯ ಮುಂದೆ ಮೇಸ್ತ್ರಿ, ಕೊಯ್ಲು ನಿಲ್ಲಿಸಿ ಹಣ್ಣು ತನ್ನಿ ಎಂದು, ನಮ್ಮ ಕಂಬಿಯ ತುಂಡನ್ನು ಠಣ್ ಠಣ್ ಎಂದು ಬಾರಿಸಿದ. ಮೀನೆಲ್ಲ ಈ ಕಡೆ ಓಡಿ ಬಂದವು.

ಆಗ ನೆನಪಾಯಿತು. ಹಿಂದಿನ ವರ್ಷ ಗುಡಿಯ ಗಂಟೆ ಒಡೆದಿತ್ತು. ನಮ್ಮ ದೊರೆಯೇ ತೋಟದ ಕಂಬಿಯನ್ನು ಎರಡು ತುಂಡು ಮಾಡಿಸಿ ಒಂದನ್ನು ಗುಡಿಗೆ ಕಾಣಿಕೆ ಕೊಟ್ಟಿದ್ದ. ಒಂದೇ ಕಂಬಿ, ಒಂದೇ ಸದ್ದು. ಮೀನುಗಳು ಪಾಪ ರಾತ್ರಿಯೂಟ ಬಂತು ಎಂದುಕೊಂಡು ಬರುತ್ತಿದ್ದವು.

ದೊರೆಗೆ ಹೇಳಿದೆ. ಅವನು ತಾನೇ ಬಂದು ನಿಂತು, ಮೇಸ್ತ್ರಿಯಿಂದ ಬಾರಿಸಿ ನೋಡಿದ. ಮೀನು ಆ ಕ್ಷಣವೇ ಬಂದವು. ಕೊಯ್ಲಿನವರು ಅರ್ಧ ಗಂಟೆ ಬಿಟ್ಟು ಒಬ್ಬೊಬ್ಬರಾಗಿ ಬಂದರು.

"ರೈಟರ್" ಎಂದ ದೊರೆ, "ಈ ತೋಟದಲ್ಲಿ ಗಂಟೆಗೆ ಸರಿಯಾಗಿ ಬರುವುದು ಇವು ಮಾತ್ರ. ಹಾಜರಿ ಮಸ್ಟರಿಗೆ ಹೆಸರು ಬರಿ."

ಅವತ್ತಿನಿಂದ ಕಂಬಿ ಬಾರಿಸುವುದು ಬಂದ್. ಅದರ ಬದಲು ಕೊಂಬು ಊದುವುದು ಎಂದು ಗೊತ್ತು ಮಾಡಿದೆ. ಮೀನು ಬರಲಿಲ್ಲ. ಆದರೆ ಮೊದಲ ದಿನ ಕೊಂಬು ಕೇಳಿದ ಕೂಡಲೇ ಅರವತ್ತು ಜನವೂ ಹಣ್ಣಿನ ಬುಟ್ಟಿ ಗಿಡದ ಬುಡದಲ್ಲೇ ಬಿಟ್ಟು, ಕೈಕಾಲು ಮುಖ ತೊಳೆದು, ಕೂದಲು ಬಾಚಿ, ಓಡೋಡಿ ಬಂದರು. ಘಟ್ಟದ ಕೆಳಗೆ ಕೊಂಬು ಊದುವುದು ಭೂತದ ಕೋಲಕ್ಕೆ. ಬಂದವರು ಸುತ್ತ ನೋಡಿ, ಕೊಂಬು ಹಿಡಿದು ನಿಂತ ನನ್ನನ್ನು ಕಂಡು ಕೇಳಿದರು.

"ಭೂತ ಎಲ್ಲಿ ರೈಟ್ರೇ? ನೀವೇಯಾ?"

೫. ಮೊರ

ಇಷ್ಟಾದರೂ ದೊರೆಯ ಮೂರನೇ ಶರತ್ತು ಹಾಗೇ ಉಳಿದಿತ್ತು. ತಡಿಕೆ ತನ್ನ ಮುಖ ತಾನು ತೊಳೆಯುತ್ತಿರಲಿಲ್ಲ. ಅಗಲವಾದದ್ದರಿಂದ ಕಟ್ಟಿಕೊಳ್ಳುವುದು ತಡವಾಗುತ್ತಿತ್ತು, ಅಷ್ಟೇ. ಕಟ್ಟಿಕೊಂಡ ಮೇಲೆ ನಾನು ಇಳಿಯುವುದು, ಬಾಚುವುದು. ಕಾಲು ಬೆರಳ ಸಂದಿಯೆಲ್ಲ ನೆನೆದು ಹುಣ್ಣಾಯಿತು. ದಿನಕ್ಕೆ ನಾಲ್ಕು ಸಲ ಮಡುವಿಗಿಳಿಯುವ ರೈಟರನನ್ನು ಕಂಡು ದೊರೆ, "ನೀನು ನೀರಲ್ಲಿ ನಿಂತರೆ ಲೆಕ್ಕ ಬರಿಯುವುದು ಯಾರು? ಶನಿವಾರದ ತನಕ ಸಮಯ" ಎಂದ.

ಶುಕ್ರವಾರ ಕಣದ ಅಂಚಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಎದುರಿಗೆ ಮೇಸ್ತ್ರಿಯ ಹೆಂಡತಿ ಅಕ್ಕಿ ಕೇರುತ್ತಿದ್ದಳು. ಮೊರ ಓರೆಯಾಗಿ ಹಿಡಿದು ತಟ್ಟಿದರೆ ಅಕ್ಕಿ ಹಿಂದೆ, ಹೊಟ್ಟು ಮುಂದೆ ಜಾರಿ ನೆಲಕ್ಕೆ.

"ಏನು ರೈಟ್ರೇ, ನಿಮ್ಮ ತಡಿಕೆ ಇನ್ನೂ ಕಸ ಹಿಡೀತದಂತೆ?"

"ಹಿಡೀತದೆ ತಾಯಿ."

"ಹಿಡಿಯದೆ ಏನು ಮಾಡ್ತದೆ? ಗೋಡೆ ಹಾಗೆ ನೆಟ್ಟಗೆ ನಿಲ್ಲಿಸಿದ್ದೀರಿ. ಮೊರ ನೆಟ್ಟಗೆ ಹಿಡಿದರೆ ನಾನು ಏನು ಕೇರಲಿ? ನಮ್ಮವರಿಗೆ ಅವತ್ತೇ ಹೇಳಿದೆ. ನೀನು ಸುಮ್ಮನಿರು, ಅದು ಇಂಜಿನಿಯರ್ ಕೆಲಸ ಅಂದ್ರು."

ನಾನು ಎದ್ದು ಓಡಿದೆ. ಮುಂದೆ ಆದದ್ದನ್ನು ತೋಟದ ದಾಖಲೆಯಲ್ಲಿ ನನ್ನ ಸ್ವಂತ ಬುದ್ಧಿಯ ಫಲ ಎಂದೇ ಬರೆದಿದ್ದೇನೆ. ದಾಖಲೆ ಬರೆಯುವವನು ನಾನೇ ಆಗಿದ್ದರಿಂದ ಯಾರೂ ತಕರಾರು ಮಾಡಲಿಲ್ಲ. ಮೇಸ್ತ್ರಿಯ ಹೆಂಡತಿಗೆ ಓದಲು ಬರುತ್ತಿರಲಿಲ್ಲ.

೬. ಶನಿವಾರ

ಅಜ್ಜನೂ ನಾನೂ ಸೇರಿ ತಡಿಕೆಯನ್ನು ಕಾಲುವೆಯ ತಲೆಯ ಮೇಲೆ ಮೊರದ ಹಾಗೆ ಓರೆಯಾಗಿ ಮಲಗಿಸಿದೆವು. ದಬ್ಬೆಗಳೆಲ್ಲ ಮೇಲಿನಿಂದ ಕೆಳಕ್ಕೆ ಉದ್ದುದ್ದ. ಮಡುವಿನ ನೀರು ಮೇಲಿಂದ ಹಾಸಿಕೊಂಡು ಬಂದು, ದಬ್ಬೆಯ ಸಂದಿಯಲ್ಲಿ ಕೆಳಗಿನ ಕಾಲುವೆಗೆ ಇಳಿಯಬೇಕು. ಎಲೆಯೂ ಮೀನೂ ಮೇಲೆಯೇ ಜಾರಿ, ಕೆಳತುದಿಯಲ್ಲಿ ಹಳ್ಳಕ್ಕೆ ಬೀಳಬೇಕು. ಕೆಳಗಿನ ಹಳ್ಳದಿಂದ ಬಂಡೆಯ ಪಕ್ಕದಲ್ಲಿ ಈಜಿದರೆ ಮೀನಿಗೆ ಮತ್ತೆ ಮಡು ಸಿಗುತ್ತದೆ.

ಪರೀಕ್ಷೆಗೆ ಇಡೀ ತೋಟ ನೆರೆಯಿತು. ದೊರೆ ಕುರ್ಚಿ ತರಿಸಿ ಕುಳಿತ. ಭಟ್ಟರು ಬಂದರು. ಅರವತ್ತು ಜನ ಆಳುಗಳು ಬಂದರು, ಬರುವಾಗ ಎಲ್ಲರ ಕಂಕುಳಲ್ಲೂ ಒಂದೊಂದು ಬಟ್ಟೆಗಂಟು. ನಾನು ಗಂಟುಗಳತ್ತ ಬೆರಳು ತೋರಿಸಿದೆ.

"ಇದೇನು ಮೇಸ್ತ್ರಿ?"

"ಏನಿಲ್ಲ. ಗೆದ್ದರೆ ಬಿಚ್ಚುತ್ತೇವೆ. ಇಲ್ಲದಿದ್ದರೆ ಲೈನು ಮನೆಗಳಿಗೆ ಹೋಗಿ ಬರುವ ಕಷ್ಟ ಯಾಕೆ, ಇಲ್ಲಿಂದಲೇ ಕೊಟ್ಟಿಗೆಹಾರದ ದಾರಿ ಹಿಡಿದು ಘಟ್ಟ ಇಳಿಯುವುದು."

ತೂಬು ಎತ್ತಿದರು. ನೀರು ಹಾಸಿಕೊಂಡು ಬಂತು, ಸಂದಿಯಲ್ಲಿ ಇಳಿಯಿತು, ಚಕ್ರ ತಿರುಗಿತು. ಎಲೆಗಳು ಬಂದವು. ಬಂದವು, ಜಾರಿದವು, ಹೋದವು. ಒಂದೂ ನಿಲ್ಲಲಿಲ್ಲ. ಒಂದು ಸಣ್ಣ ಮೀನು ಬಂತು. ಎಲ್ಲರೂ ಮುಂದಕ್ಕೆ ಬಾಗಿದರು. ಅದು ಜಾರುಬಂಡೆಯ ಮೇಲೆ ಜಾರುವ ಹಾಗೆ ಸುಯ್ಯೆಂದು ಜಾರಿ ಹಳ್ಳಕ್ಕೆ ಬಿತ್ತು, ಬಾಲ ಬಡಿದು ಹೋಯಿತು.

ಕೆಳತುದಿಯನ್ನೇ ನೋಡುತ್ತಾ ಅಜ್ಜ ಗೊಣಗಿದ. "ಸರಿಯಾಗಿ ಅಲ್ಲೊಂದು ಕೂಣಿ ಇಟ್ಟರೆ..."

"ಅಜ್ಜಾ!" ಎಂದು ಅರವತ್ತು ಜನ ಒಟ್ಟಿಗೆ ಗದರಿದರು.

ಗೆದ್ದೆವು ಎಂದೇ ಲೆಕ್ಕ. ಆ ಸಂತೋಷದಲ್ಲಿ ಮೇಸ್ತ್ರಿ ಮಾಡಬಾರದ್ದು ಮಾಡಿದ. ಹತ್ತು ವರ್ಷದ ಅಭ್ಯಾಸ, ಹಣ್ಣು ಸುರಿಯಿರಿ ಎನ್ನಲು ಕೈ ಕೊಂಬಿಗೆ ಹೋಗುವ ಬದಲು ಸುತ್ತಿಗೆಗೆ ಹೋಯಿತು. ಠಣ್ ಠಣ್ ಎಂದು ಕಂಬಿ ಬಾರಿಸಿಯೇಬಿಟ್ಟ.

ಮಡುವಿನ ಆ ತುದಿಯಲ್ಲಿ ನೀರು ಕಪ್ಪಾಯಿತು. ಇಡೀ ಸಂಸಾರ ಹೊರಟು ಬಂತು. ಸಣ್ಣವು ಜಾರಿದವು, ನಡುವಿನವು ಜಾರಿದವು. ಕಡೆಗೆ ಬಂದದ್ದು ಎಲ್ಲಕ್ಕಿಂತ ಹಿರಿಯ ಮೀನು, ಭಟ್ಟರ ಅಜ್ಜನ ಕಾಲದ್ದು. ಅದರ ಉದ್ದ ನಾನು ಮೊದಲು ಈ ಕಥೆ ಹೇಳುವಾಗ ಒಂದು ಮೊಳ ಇತ್ತು. ಈಗ ಎರಡೂವರೆ ಮೊಳ ಇದೆ. ಬದುಕಿದ ಮೀನು, ಬೆಳೆಯಬೇಕಲ್ಲ. ಅದು ಜಾರುತ್ತಾ ಕೆಳತುದಿಗೆ ಬಂತು. ಅಲ್ಲಿಗೆ ಮುಟ್ಟುವ ಮೊದಲೇ ನೀರೆಲ್ಲ ಸಂದಿಯಲ್ಲಿ ಇಳಿದು ಆ ತುದಿಯ ಒಂದು ಗೇಣು ಒಣಗಿತ್ತು. ನಾನು ಅದನ್ನು ಯೋಚಿಸಿರಲಿಲ್ಲ. ಒಣ ದಬ್ಬೆಯ ಮೇಲೆ ಹಿರಿಯ ಮೀನು ಅಡ್ಡಲಾಗಿ ಮಲಗಿ ಬಾಯಿ ತೆರೆದು ಮುಚ್ಚಿ ಮಾಡತೊಡಗಿತು.

ಯಾರೂ ಅಲುಗಲಿಲ್ಲ. ದೇವರ ಮೀನು, ಯಾರು ಮುಟ್ಟಬೇಕು? ಆಳುಗಳು ಗಂಟನ್ನು ಕಂಕುಳಿಂದ ತಲೆಗೇರಿಸಿದರು. ಭಟ್ಟರು ಕಣ್ಣು ಮುಚ್ಚಿದರು. ದೊರೆ ನನ್ನ ಕಡೆ ನೋಡಿದ. ನನ್ನ ಕಣ್ಣ ಮುಂದೆ ನನ್ನ ಬೆಂಚು, ಅದರ ಮೇಲೆ ಯಾರೋ ಬೇರೆಯವನು ಕಾಲು ಮಡಿಸಿ ಕೂತಿದ್ದ.

ತಲೆಯ ರುಮಾಲು ಬಿಚ್ಚಿದೆ. ಹನ್ನೆರಡು ಮೊಳದ ಬಿಳಿ ರುಮಾಲು, ನನ್ನ ಮದುವೆಯದು. ಮೀನಿನ ಮೇಲೆ ಹಾಕಿ, ಸುತ್ತಿ, ಕೂಸನ್ನೆತ್ತಿದ ಹಾಗೆ ಎದೆಗವಚಿಕೊಂಡು ಮಡುವಿನ ಕಡೆ ಓಡಿದೆ. ಅದು ಬಾಲದಿಂದ ನನ್ನ ಎಡ ಕೆನ್ನೆಗೆ ಒಂದು ಕೊಟ್ಟಿತು. ನಾಲ್ಕು ಹೆಜ್ಜೆ ಓಡಿದ ಮೇಲೆ ಬಲ ಕೆನ್ನೆಗೆ ಇನ್ನೊಂದು. ಮೇಷ್ಟರು ಕೊಡುತ್ತಿದ್ದ ಏಟು ಅದರ ಮುಂದೆ ಏನೂ ಅಲ್ಲ. ಪಾಚಿಯ ಮೇಲೆ ಕಾಲು ಜಾರಿ, ನಾನೂ ರುಮಾಲೂ ಮೀನೂ ಮೂವರೂ ಒಟ್ಟಿಗೇ ಮಡು ಸೇರಿದೆವು.

ನಾನು ತಲೆ ಎತ್ತಿದಾಗ ಮೀನು ಪಕ್ಕಕ್ಕೆ ವಾಲಿ ತೇಲುತ್ತಿತ್ತು. ನಾನು ಎರಡೂ ಕೈಯಲ್ಲಿ ಅದರ ಹೊಟ್ಟೆ ಹಿಡಿದು ನೆಟ್ಟಗೆ ನಿಲ್ಲಿಸಿ, "ಅಪ್ಪಾ, ಮಾರಾಯಾ, ಹೋಗೋ" ಎಂದೆ. ಅದು ನನ್ನನ್ನು ಒಂದು ಕಣ್ಣಿನಿಂದ ನೋಡಿತು. ಆಮೇಲೆ ಬಾಲ ಬೀಸಿ, ಉಳಿದಿದ್ದ ಮೂಗಿಗೆ ಮೂರನೇ ಏಟು ಕೊಟ್ಟು, ಆಳಕ್ಕೆ ಇಳಿಯಿತು.

"ಗಂಟು ಬಿಚ್ಚಿ!" ಎಂದು ಮೇಸ್ತ್ರಿ ಕೂಗಿದ. "ಹಣ್ಣು ಸುರಿಯಿರಿ!"

ಅಜ್ಜ ಕತ್ತಿ ತಂದು ತಡಿಕೆಯ ಒಣ ಗೇಣನ್ನು ಕತ್ತರಿಸಿ ಹಾಕಿದ. ತುದಿಯ ತನಕ ನೀರು ಹರಿಯಿತು. ಅವತ್ತಿನಿಂದ ಆ ತಡಿಕೆ ಎಲೆ ಹಿಡಿಯಲಿಲ್ಲ, ಮೀನು ಹಿಡಿಯಲಿಲ್ಲ, ನನ್ನ ಬೆಂಚು ನನಗೇ ಉಳಿಯಿತು. ದೊರೆ ಕುರ್ಚಿಯಿಂದೆದ್ದು ನನ್ನ ಹತ್ತಿರ ಬಂದವನು ಎರಡು ಹೆಜ್ಜೆ ಹಿಂದೆ ಸರಿದು ಹೇಳಿದ. "ಒಳ್ಳೇದು ರೈಟರ್. ಜಾಲರಿ ಮುಖ ತೊಳೆಯಿತು. ಈಗ ನೀನು ತೊಳಿ."

ಗೆದ್ದ ವೀರನ ಹಾಗೆ ಮನೆಗೆ ಹೋದೆ. ನಮ್ಮ ಮನೆಯವಳು ಆರತಿ ತಟ್ಟೆ ಹಿಡಿದು ನಿಂತಿರುತ್ತಾಳೆ ಎಂದುಕೊಂಡಿದ್ದೆ. ಬಾಗಿಲಲ್ಲಿ ನಿಂತಿದ್ದಳು, ಮೂಗಿಗೆ ಸೆರಗು ಹಿಡಿದು.

"ರೀ, ಅಲ್ಲೇ ನಿಲ್ಲಿ! ಏನು ತಿಂದು ಬಂದ್ರಿ?"

"ತಿಂದಿಲ್ಲ ಕಣೇ, ಉಳಿಸಿ ಬಂದೆ!"

"ಉಳಿಸಿದವರ ವಾಸನೆ, ತಿಂದವರ ವಾಸನೆ ಅಂತ ಬೇರೆ ಬೇರೆ ಇರ್ತದೇನ್ರಿ? ಲಿಂಗ ಕಟ್ಟಿದ ಮನೆ ಇದು. ತನ್ನನ್ನು ತಾನೇ ಚೊಕ್ಕ ಮಾಡ್ಕೊಳ್ಳೋ ತಡಿಕೆ ಕಟ್ಟಿದ್ದೀರಂತಲ್ಲ, ಹೋಗಿ ಅದರ ಮೇಲೆ ಎರಡು ಸಲ ಜಾರಿ ಬನ್ನಿ. ಆಮೇಲೆ ಒಳಗೆ."

ಹೋದೆ. ಜನ ಯಾರೂ ಇಲ್ಲದ್ದು ನೋಡಿ ತಡಿಕೆಯ ತಲೆಗೆ ಕೂತು ಒಂದು ಸಲ ಜಾರಿದೆ. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ತಡಿಕೆ, ಎಲ್ಲೂ ನಿಲ್ಲಲಿಲ್ಲ. ಕೆಳತುದಿಯಿಂದ ಹಳ್ಳಕ್ಕೆ ಬಿದ್ದು ಕಣ್ಣೊರೆಸಿಕೊಂಡು ನೋಡಿದರೆ ಎದುರಿನ ಬಂಡೆಯ ಮೇಲೆ ಬುಟ್ಟಿ ಅಜ್ಜ ಕೂತಿದ್ದಾನೆ. ನನ್ನನ್ನು ತಲೆಯಿಂದ ಕಾಲಿನ ತನಕ ಒಂದು ಸಲ, ಕಾಲಿನಿಂದ ತಲೆಯ ತನಕ ಇನ್ನೊಂದು ಸಲ ನೋಡಿದ.

"ಇನ್ನೊಂದು ಸಲ ಜಾರ್ತೀರಾ ಸ್ವಾಮಿ?" ಎಂದ. "ನಿಮ್ಮ ಅಳತೆಯ ಕೂಣಿಗೆ ಎಷ್ಟು ಬಿದಿರು ಹಿಡೀತದೆ ಅಂತ ಸರಿಯಾಗಿ ಗೊತ್ತಾಗಲಿಲ್ಲ."